ಐದು ಎಂದರೆ ಎಷ್ಟು?

ವಿದೇಶಕ್ಕೆ ಓದಲು ಹೋದ ಮಗನ ಬಗ್ಗೆ ಊರಿನವರು ಕೇಳುವ ಪ್ರಶ್ನೆಗಳು ಮೂರೇ: ಯಾವ ದೇಶ, ಎಷ್ಟು ಖರ್ಚು, ಕೆಲಸ ಯಾವಾಗ? ತಿಪಟೂರು ಕಡೆಯ ಆ ತೆಂಗಿನ ತೋಟದ ಮನೆಯಲ್ಲಿ ಮೊದಲಿನ ಎರಡಕ್ಕೆ ಉತ್ತರ ಸಿದ್ಧವಿತ್ತು. ದೇಶ ಜರ್ಮನಿ. ಖರ್ಚಿಗಾಗಿ ಮನೆಯ ಪತ್ರ ಬ್ಯಾಂಕು ಸೇರಿತ್ತು. ಮೂರನೆಯದಕ್ಕೆ ತಂದೆ ನಕ್ಕು ಸುಮ್ಮನಾಗುತ್ತಿದ್ದರು. 2024ರ ಅಕ್ಟೋಬರಿನಲ್ಲಿ ಹುಡುಗ ಜೀವವಿಜ್ಞಾನದ ಸ್ನಾತಕೋತ್ತರ ಪದವಿಗೆಂದು ಟ್ಯೂಬಿಂಗನ್ ಎಂಬ ಊರಿಗೆ ಹೊರಟ.

ಟ್ಯೂಬಿಂಗನ್ ಸ್ಟುಟ್‌ಗಾರ್ಟಿನ ದಕ್ಷಿಣಕ್ಕೆ, ನೆಕ್ಕಾರ್ ನದಿಯ ದಂಡೆಯಲ್ಲಿದೆ. ಜನಸಂಖ್ಯೆ ಸುಮಾರು 90 ಸಾವಿರ. ವಿದ್ಯಾರ್ಥಿಗಳೇ 25 ಸಾವಿರಕ್ಕೂ ಹೆಚ್ಚು. ವಿಶ್ವವಿದ್ಯಾಲಯ ಹುಟ್ಟಿದ್ದು 1477ರಲ್ಲಿ. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರ್ ಓದಿದ್ದು ಇಲ್ಲಿಯೇ. ಕನ್ನಡಿಗರಿಗೂ ಈ ಊರು ತೀರ ಹೊರಗಿನದಲ್ಲ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು ಈ ವಿಶ್ವವಿದ್ಯಾಲಯ. ಅವರು 1903ರಲ್ಲಿ ಕಣ್ಣುಮುಚ್ಚಿದ್ದೂ ಈ ಊರಿನಲ್ಲೇ. ಅವರು ಭಾರತಕ್ಕೆ ಬಂದಾಗ ವಯಸ್ಸು 21. ಈ ಹುಡುಗನಿಗೆ 22.

ಹೊಸ ಊರಿನ ಮೊದಲ ಪಾಠ ಅಂಚೆಡಬ್ಬಿಯದು. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಡಬ್ಬಿಯ ಮೇಲೆ ಹೆಸರು ಅಂಟಿಸದಿದ್ದರೆ ಬಂದ ಕಾಗದ ಹಿಂದಕ್ಕೇ ಹೋಗುತ್ತದೆ. ಎರಡನೆಯ ಪಾಠ ಭಾನುವಾರದ್ದು. ಅಂದು ಅಂಗಡಿಗಳು ಮುಚ್ಚಿರುತ್ತವೆಂದು ತಿಳಿಯದೆ ಮೊದಲ ಭಾನುವಾರ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ದಿನ ಕಳೆದ. ಮೂರನೆಯದು ಒಗ್ಗರಣೆಯದು. ಹಂಚಿಕೊಂಡ ಅಡುಗೆಮನೆಯಲ್ಲಿ ಸಾಸಿವೆ ಸಿಡಿದು ಮೆಣಸಿನಕಾಯಿಯ ಘಾಟು ಏಳುತ್ತಲೇ ಹೊಗೆಯ ಎಚ್ಚರಿಕೆ ಗಂಟೆ ಹೊಡೆದುಕೊಂಡಿತು. ಇಡೀ ಮಹಡಿಯವರು ಕೆಮ್ಮುತ್ತ ಹೊರಬಂದು ಪರಿಚಯ ಮಾಡಿಕೊಂಡರು!

ಇವೆಲ್ಲ ಫೋನಿನಲ್ಲಿ ಹೇಳಿ ನಗಿಸುವ ಸಂಗತಿಗಳು. ಹೇಳದೆ ಉಳಿದವೂ ಇದ್ದವು.

ಒಂದನೆಯದು ಕತ್ತಲು. ಟ್ಯೂಬಿಂಗನ್ ಇರುವುದು ಉತ್ತರಕ್ಕೆ ನಲವತ್ತೆಂಟೂವರೆ ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 18 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅದೇ ಹೊತ್ತಿನಲ್ಲಿ ತಿಪಟೂರಿನಲ್ಲಿ 53 ಡಿಗ್ರಿ ಏರಿರುತ್ತಾನೆ. ಸಂಜೆ ನಾಲ್ಕೂವರೆಗೆಲ್ಲ ದೀಪ ಹಚ್ಚಬೇಕು. ಸೂರ್ಯ ಕಾಣದ ವಾರಗಳಲ್ಲಿ ಹುಡುಗ ಯಾರೊಡನೆಯೂ ಮಾತಾಡದೆ ದಿನ ಕಳೆಯುತ್ತಿದ್ದ. ಪಾಠ ಇಂಗ್ಲಿಷಿನಲ್ಲಿದ್ದರೂ ಊಟದ ಮೇಜಿನ ಹರಟೆ ಜರ್ಮನ್ ಭಾಷೆಯಲ್ಲಿ. ಯಾರಾದರೂ ನಕ್ಕಾಗ ಅರ್ಥವಾಗದಿದ್ದರೂ ತಾನೂ ನಗುವುದನ್ನು ಕಲಿತ.

ಎರಡನೆಯದು ಹಣ. ವಿದ್ಯಾರ್ಥಿ ವೀಸಾಕ್ಕಾಗಿ ವರ್ಷದ ಜೀವನವೆಚ್ಚವನ್ನು ಮುಂಚಿತವಾಗಿಯೇ ಒಂದು ಖಾತೆಯಲ್ಲಿ ಕಟ್ಟಿಡಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವನ್ನು 11,904 ಯೂರೊಗಳಿಗೆ, ಅಂದರೆ ತಿಂಗಳಿಗೆ 992 ಯೂರೊಗಳಿಗೆ ಏರಿಸಿದರು. ಇದಲ್ಲದೆ ಯುರೋಪ್ ಒಕ್ಕೂಟದ ಹೊರಗಿನವರಿಗೆ ಈ ರಾಜ್ಯದಲ್ಲಿ 2017ರಿಂದ ಅರ್ಧವರ್ಷಕ್ಕೆ 1,500 ಯೂರೊ ಶುಲ್ಕ ಬಂದಿತ್ತು. ಮನೆಯಿಂದ ಮತ್ತೆ ಹಣ ಕೇಳಬಾರದೆಂದು ಹುಡುಗ ಒಂದು ಹೋಟೆಲಿನಲ್ಲಿ ಸಂಜೆ ಪಾತ್ರೆ ತೊಳೆಯಲು ಸೇರಿದ. ಕಾನೂನು ಅಷ್ಟಕ್ಕೆ ಅವಕಾಶ ಕೊಟ್ಟಿತ್ತು. ಆದರೆ ಓದು ಕೊಡಲಿಲ್ಲ.

ಫೆಬ್ರವರಿಯಲ್ಲಿ ಪರೀಕ್ಷೆಗಳಾದವು. ಜರ್ಮನಿಯಲ್ಲಿ ಅಂಕದ ಲೆಕ್ಕ ನಮ್ಮದಕ್ಕೆ ತಿರುಗುಮುರುಗು. ಒಂದು ಅಂದರೆ ಅತ್ಯುತ್ತಮ, ನಾಲ್ಕು ಅಂದರೆ ಕಷ್ಟಪಟ್ಟು ತೇರ್ಗಡೆ, ಐದು ಅಂದರೆ ನಪಾಸು. ಹುಡುಗನಿಗೆ ಒಂದು ವಿಷಯದಲ್ಲಿ ಎರಡು ಬಂತು, ಇನ್ನೊಂದರಲ್ಲಿ ಐದು.

ಆ ರಾತ್ರಿ ಫೋನು ಮಾಡಿದ ಅಮ್ಮ ಕೇಳಿದರು. ಅವನು ಎರಡನ್ನೂ ಹೇಳಿದ.

“ಎರಡು ಬಂದಿರೋದರಲ್ಲಿ ಇನ್ನೊಂದಿಷ್ಟು ಓದಬೇಕಿತ್ತು ಕಣೋ. ಹೋಗಲಿ ಬಿಡು, ಇನ್ನೊಂದರಲ್ಲಿ ಐದು ಬಂತಲ್ಲ.”

ತಿದ್ದಬೇಕಿತ್ತು, ತಿದ್ದಲಿಲ್ಲ. ಸುಳ್ಳು ಹೇಳಿದ್ದೂ ಅಲ್ಲ, ನಿಜ ಹೇಳಿದ್ದೂ ಅಲ್ಲ. ಹೀಗೆ ಮೂರು ವಾರ ಕಳೆಯಿತು. ಮರುಪರೀಕ್ಷೆ ಏಪ್ರಿಲ್ ಆರಂಭದಲ್ಲಿತ್ತು. ಅದಕ್ಕೂ ಮಿತಿಯುಂಟು, ಎಷ್ಟು ಸಲ ಬೇಕಾದರೂ ಬರೆಯುವಂತಿಲ್ಲ.

ಮಾರ್ಚಿನ ಒಂದು ಭಾನುವಾರ ಅವನು ಗುಡ್ಡದ ಮೇಲಿನ ಕೋಟೆಗೆ ಹೋದ. ಅಲ್ಲಿನ ಹಳೆಯ ಅಡುಗೆಮನೆ ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನ ಪ್ರಯೋಗಶಾಲೆಯಾಗಿತ್ತು. ಈಗ ವಸ್ತುಸಂಗ್ರಹಾಲಯದ ಭಾಗ. ಸ್ವಿಟ್ಜರ್‌ಲೆಂಡಿನಿಂದ ಬಂದಿದ್ದ ಫ್ರೆಡ್ರಿಕ್ ಮೀಷರ್ ಎಂಬ ಯುವಕ ಆಸ್ಪತ್ರೆಯ ಬ್ಯಾಂಡೇಜುಗಳಿಗೆ ಅಂಟಿದ್ದ ಕೀವನ್ನು ತೊಳೆದು, ಅದರಲ್ಲಿದ್ದ ಬಿಳಿ ರಕ್ತಕಣಗಳ ಕೋಶಕೇಂದ್ರದಿಂದ 1869ರಲ್ಲಿ ಹೊಸದೊಂದು ವಸ್ತುವನ್ನು ಬೇರ್ಪಡಿಸಿದ್ದು ಅಲ್ಲಿ. ಅವನದಕ್ಕೆ ‘ನ್ಯೂಕ್ಲೀನ್’ ಎಂದು ಹೆಸರಿಟ್ಟ. ಇಂದು ಶಾಲೆಯ ಮಕ್ಕಳೂ ಹೇಳುವ ಡಿಎನ್‌ಎ ಅದೇ. ಆದರೆ ಗುರು ಹೋಪ್-ಸೈಲರ್ ಅದನ್ನು ತಕ್ಷಣ ಪ್ರಕಟಿಸಲು ಬಿಡಲಿಲ್ಲ. ಪ್ರಯೋಗವನ್ನು ತಾವೇ ಮತ್ತೆ ಮಾಡಿ ನೋಡಿ, ಸರಿಯೆಂದು ಖಾತ್ರಿಯಾದ ಮೇಲೆ 1871ರಲ್ಲಿ ಲೇಖನ ಹೊರಬಂತು.

ಮತ್ತೊಮ್ಮೆ ಮಾಡಿ ನೋಡುವುದು ವಿಜ್ಞಾನದಲ್ಲಿ ಅವಮಾನವಲ್ಲ, ಅದೇ ಅದರ ಪದ್ಧತಿ. ಇದನ್ನು ಹುಡುಗ ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ. ತನಗೂ ಅನ್ವಯಿಸುತ್ತದೆಂದು ಹೊಳೆದದ್ದು ಆ ಗೋಡೆಗಳ ನಡುವೆ. ಗುಡ್ಡ ಇಳಿಯುತ್ತಲೇ ಮನೆಗೆ ಫೋನು ಮಾಡಿದ.

“ಅಮ್ಮಾ, ಐದು ಅಂದರೆ ನಪಾಸು.”

ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ, “ಐದು ಅಂದೆಯಲ್ಲೋ, ನಾನು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ” ಎಂದರು. ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಫೋನು ತಂದೆಯ ಕೈಗೆ ಹೋಯಿತು. ಬ್ಯಾಂಕಿನ ಮಾತು ಬರುತ್ತದೆಂದು ಹುಡುಗ ಉಸಿರು ಬಿಗಿಹಿಡಿದಿದ್ದ.

“ಊಟ ಆಯ್ತೇನಪ್ಪಾ?” ಎಂದರು ತಂದೆ. ಸ್ವಲ್ಪ ತಡೆದು, “ಸಸಿ ನೆಟ್ಟ ವರ್ಷವೇ ಕಾಯಿ ಕಿತ್ತೋರು ಯಾರೂ ಇಲ್ಲ. ಆದರೆ ನುಸಿ ಬಿದ್ದಿದ್ದರೆ ಹೇಳಬೇಕಪ್ಪ. ಹೇಳದಿದ್ದರೆ ಮದ್ದು ಹೊಡೆಯೋದು ಹೇಗೆ?”

ಮರುದಿನದಿಂದ ಹುಡುಗ ಹೋಟೆಲಿನ ಕೆಲಸವನ್ನು ವಾರಕ್ಕೆ ಎರಡು ಸಂಜೆಗೆ ಇಳಿಸಿದ. ಪ್ರಾಧ್ಯಾಪಕರಲ್ಲಿ ಸಮಯ ಕೇಳಿ, ತಿದ್ದಿದ ಉತ್ತರಪತ್ರಿಕೆಯನ್ನು ನೋಡಿದ. ತಪ್ಪು ಅಲ್ಲಿಯೇ ಎದ್ದು ಕಾಣುತ್ತಿತ್ತು. ಪ್ರಶ್ನೆಯಲ್ಲಿ ಕೊಟ್ಟಿದ್ದ ಪ್ರಯೋಗದ ಫಲಿತಾಂಶ ಏನು ಹೇಳುತ್ತದೆಂದು ಕೇಳಿದ್ದರೆ, ಇವನು ಬಾಯಿಪಾಠ ಮಾಡಿದ ವಿವರಣೆಯನ್ನು ಎರಡು ಪುಟ ಬರೆದಿದ್ದ. ಹೊಗೆಯ ಗಂಟೆಯ ದಿನ ಪರಿಚಯವಾದ ಇಬ್ಬರು ಸಹಪಾಠಿಗಳು ದಿನವೂ ರಾತ್ರಿ ಅದೇ ಅಡುಗೆಮನೆಯಲ್ಲಿ ಅವನ ಜೊತೆ ಕೂತರು. ಸಾಸಿವೆ ಸಿಡಿಸುವಾಗ ಮೊದಲೇ ಕಿಟಕಿ ತೆರೆಯುವುದು ಅವರಿಗೂ ಅಭ್ಯಾಸವಾಗಿತ್ತು.

ಮರುಪರೀಕ್ಷೆಯಲ್ಲಿ ಎರಡು ಮುಕ್ಕಾಲಿನ ಆಸುಪಾಸು ಬಂತು. ಹೇಳಿಕೊಳ್ಳುವಂಥದ್ದೇನಲ್ಲ. ಸುದ್ದಿ ತಿಳಿಸಿದಾಗ ಅಮ್ಮ ಸಂತೋಷಪಡುವ ಮೊದಲು, “ತಡಿ, ತಡಿ” ಎಂದರು. ದೇವರ ಮನೆಯ ಪಕ್ಕದ ಕ್ಯಾಲೆಂಡರಿನ ಬಳಿ ಹೋದ ಸದ್ದು ಕೇಳಿಸಿತು. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಅವರು ಒಂದರಿಂದ ಐದರವರೆಗೆ ಬರೆದು, ಒಂದೊಂದರ ಮುಂದೆಯೂ ಅದರ ಅರ್ಥವನ್ನು ಗುರುತು ಹಾಕಿಕೊಂಡಿದ್ದರು.

“ಪಾಸು ಕಣೋ!” ಎಂದರು.