ಅಕ್ಕ ಯಾರ ಮನೆಯವಳು?

ಅರವತ್ತು ದಾಟಿದ ನಮ್ಮ ಬೀದಿಯ ಸೊಪ್ಪಿನವನು ‘ಅಕ್ಕಾ, ದಂಟು ತಗೊಳ್ಳಿ’ ಎಂದ ದಿನ ನನ್ನ ಹೆಂಡತಿ ಚೌಕಾಸಿ ಮಾಡುವುದಿಲ್ಲ. ಬಾಯಿತಪ್ಪಿ ‘ಆಂಟಿ’ ಎಂದನೋ, ಕಂತೆಗೆ ಐದು ರೂಪಾಯಿ ಇಳಿಸದೆ ಬಿಡುವುದಿಲ್ಲ.

ಇಷ್ಟು ಬೆಲೆಬಾಳುವ ಪದ ಫಿನ್ಲೆಂಡಿನಲ್ಲೂ ಇದೆ. ಅಲ್ಲಿ ‘ಅಕ್ಕ’ ಎಂದರೆ ಮುದುಕಿ. ಗಂಡಂದಿರು ಹೆಂಡತಿಯ ಬೆನ್ನ ಹಿಂದೆ ಆಡುವ ಮಾತೂ ಹೌದು. ಈ ಸಂಗತಿಯನ್ನು ಮನೆಯಲ್ಲಿ ನಾನಿನ್ನೂ ಹೇಳಿಲ್ಲ. ಸ್ವೀಡನ್ನಿನ ಸೆಲ್ಮಾ ಲಾಗರ್ಲಾಫ್ 1906ರಲ್ಲಿ ಬರೆದ ಮಕ್ಕಳ ಕಥೆಯಲ್ಲಿ ಹಿಂಡನ್ನು ಮುನ್ನಡೆಸುವ ಮುದಿ ಕಾಡು ಹೆಬ್ಬಾತಿನ ಹೆಸರೂ ಅಕ್ಕ. ರೋಮಿನ ಪುರಾಣದಲ್ಲಿ ರೊಮ್ಯುಲಸ್, ರೀಮಸ್ ಅವಳಿಗಳನ್ನು ಸಾಕಿದ ಕುರುಬಗಿತ್ತಿ ಅಕ್ಕಾ ಲಾರೆಂಟಿಯಾ. ಮಂಗೋಲಿಯಾಕ್ಕೆ ಹೋದರೆ ‘ಅಖ್’ ಹೆಣ್ಣೇ ಅಲ್ಲ, ಅಣ್ಣ!

ಸಂಸ್ಕೃತದ ‘ಅಕ್ಕಾ’ ತಾಯಿ. ಅಮ್ಮನನ್ನು ಹೆಸರಿಸುವ ಇಂಥ ಪದಗಳನ್ನು ಕೂಗುವಾಗ ಕೊನೆಯ ದೀರ್ಘ ಹ್ರಸ್ವವಾಗಬೇಕೆಂದು ಪಾಣಿನಿಯ ಕಟ್ಟಳೆ: ‘ಹೇ ಅಕ್ಕ’. ನಮ್ಮದು ತಿರುಗುಮುರುಗು. ಮನೆಯೊಳಗೆ ಹ್ರಸ್ವವಾಗಿದ್ದ ಅಕ್ಕ, ಹಿತ್ತಲಿಂದ ಕೂಗಿದೊಡನೆ ‘ಅಕ್ಕಾ...’ ಎಂದು ಉದ್ದವಾಗುತ್ತಾಳೆ. ಕೂಗಿನ ಮಟ್ಟಿಗೆ ನಮ್ಮದೇ ಸರಿ; ಹ್ರಸ್ವಕ್ಕೆ ಯಾವ ಅಕ್ಕ ಓಗೊಡುತ್ತಾಳೆ? ಅಂದಹಾಗೆ, ಸಂಸ್ಕೃತದ ಅಕ್ಕನೂ ನಮ್ಮ ಕಡೆಯಿಂದಲೇ ಹೋದವಳಿರಬೇಕು: 1856ರಲ್ಲಿ ದ್ರಾವಿಡ ಭಾಷೆಗಳ ವಿದ್ವಾಂಸ ಕಾಲ್ಡ್‌ವೆಲ್, ಸಂಸ್ಕೃತವು ದ್ರಾವಿಡದಿಂದ ಪಡೆದ ಪದಗಳ ಪಟ್ಟಿಗೆ ಇವಳನ್ನೂ ಸೇರಿಸಿದರು.

ಹಾಗಾದರೆ ಫಿನ್ಲೆಂಡಿಗೆ ಯಾರು ಕೊಟ್ಟರು? ಯಾರೂ ಕೊಡಬೇಕಿಲ್ಲ ಎನ್ನಬಹುದು. ಅಮ್ಮ, ಅಪ್ಪನಂಥ ಪದಗಳು ಕೂಸಿನ ತುಟಿಯಲ್ಲೇ ಹುಟ್ಟುತ್ತವೆ, ಅದಕ್ಕೇ ಊರೂರಲ್ಲೂ ಸಿಗುತ್ತವೆ ಎಂದು ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ವಾದಿಸಿದ್ದರು. ಆದರೆ ಕಕಾರ ತುಟಿಯದಲ್ಲ, ಗಂಟಲ ಬಳಿಯದು. ನನ್ನ ಮಗ ಎರಡು ವರ್ಷವಾಗುವವರೆಗೂ ಅವನಕ್ಕನನ್ನು ‘ಅತ್ತ’ ಎಂದೇ ಕರೆದ. ಹಾಗಾಗಿ ಕೂಸಿನ ಲೆಕ್ಕ ಇಲ್ಲಿ ಕೊಂಚ ಕುಂಟುತ್ತದೆ. ಹಾಗೆಂದು ಫಿನ್ನರನ್ನು ಬೀಗರನ್ನಾಗಿಸಿಕೊಳ್ಳಲು ನಾನು ಸಿದ್ಧನಿಲ್ಲ. ಎರಡು ಸ್ವರ, ನಡುವೆ ಒಂದು ಒತ್ತಕ್ಷರ. ಇಷ್ಟು ಚಿಕ್ಕ ಪದ ಎರಡು ಕಡೆ ತಾನಾಗಿಯೇ ಹುಟ್ಟಿದರೆ ಅಚ್ಚರಿಯೇನು? ಅಮೆರಿಕದ ಕನ್ನಡ ಕೂಟಗಳ ಒಕ್ಕೂಟದ ಇಂಗ್ಲಿಷ್ ಹೆಸರನ್ನು ಮೊಟಕು ಮಾಡಿದರೂ ‘ಅಕ್ಕ’ ಎಂದೇ ಬರುತ್ತದೆ.

ಅರ್ಥದಲ್ಲಿ ಮಾತ್ರ ನಮ್ಮವಳು ಬೇರೆ. ಉಳಿದವರು ಅಕ್ಕನಿಗೆ ವಯಸ್ಸು ಕೊಟ್ಟರು. ನಾವು ಹಿರಿತನ ಕೊಟ್ಟೆವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಿರಿಯ ಶರಣರಿಗೂ ಅಕ್ಕನಾದವಳು ಎಳೆಯ ವಯಸ್ಸಿನ ಮಹಾದೇವಿ.

ನಿನ್ನೆ ಸೊಪ್ಪಿನವನು ಎದುರು ಮನೆಯ ಕಾಲೇಜು ಹುಡುಗಿಯನ್ನು ‘ಅಕ್ಕಾ’ ಎಂದ. ಹಿಂದೆಯೇ ನನ್ನ ಹೆಂಡತಿಯನ್ನೂ. ದಂಟು ಹೇಳಿದ ಬೆಲೆಗೇ ಒಳಗೆ ಬಂತು.