ಭರಣಿಯೊಳಗಿನ ಗಲಾಟೆ

ಹೋದ ದಸರೆ ಸೂಟಿಗೆ ಹಿರೇಕೆರೂರಿನಿಂದ ಬಂದ ಮೊಮ್ಮಗಳು ನನ್ನ ಕೈಗೊಂದು ಬೀಜದ ಪಾಕೀಟು ಕೊಟ್ಟಳು. ಮೇಲೆ ಚಿತ್ರ: ಬಿಳೀ ಎಸಳು, ನಡುವೆ ಹಳದಿ ಬೊಟ್ಟು. "ಅಜ್ಜೀ, ಇದು ಡೇಜಿ. ನಮ್ಮ ಇಂಗ್ಲಿಷ್ ಪುಸ್ತಕದಾಗ ಐತಿ. ಯುಗಾದಿಗೆ ಬರೋದ್ರಾಗ ಹೂ ಬಿಟ್ಟಿರಬೇಕು ನೋಡು" ಎಂದು ಅಪ್ಪಣೆ ಬೇರೆ.

ಕುಂಡದಲ್ಲಿ ಬೀಜ ಹಾಕಿದೆ. ಮೊಳಕೆಯೂ ಬಂತು. ಆದರೆ ನಮ್ಮ ಹಾನಗಲ್ಲಿನ ಚಿತ್ತಿ ಮಳೆಯನ್ನು ಕೇಳಬೇಕೆ? ಎರಡು ದಿನ ಹಿಡಿದು ಹೊಡೆಯಿತು. ರಾತ್ರಿ ಓಡಿಹೋಗಿ ನನ್ನ ಗಲಾಟೆ ಸಸಿಗಳ ಮೇಲೆ ಬುಟ್ಟಿ ಮುಚ್ಚಿ ಬಂದೆನೇ ಹೊರತು ಡೇಜಿಯ ಕುಂಡ ನೆನಪಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಪಾಪ, ಬುಡ ಕೊಳೆತು ಮಲಗಿದ್ದವು. ಮೊಮ್ಮಗಳಿಗೆ ಹೇಗೆ ಮುಖ ತೋರಿಸಲಿ ಎಂದುಕೊಂಡಿದ್ದರೆ, ಸಂಕ್ರಾಂತಿಗೆ ಬಂದವಳು ಹಿತ್ತಲಲ್ಲಿ ಅರಳಿದ ಗಲಾಟೆ ಹೂ ನೋಡಿ, "ಇದೂ ಡೇಜಿನ ಅಲ್ಲೇನಜ್ಜಿ? ಬಣ್ಣ ಅಷ್ಟ ಬ್ಯಾರೆ" ಎಂದಳು.

ಹುಡುಗಿ ಹೇಳಿದ್ದರಲ್ಲಿ ತಪ್ಪಿಲ್ಲ. ಎರಡೂ ಒಂದೇ ಮನೆತನದವು. ಸೇವಂತಿಗೆ, ಚೆಂಡು ಹೂ, ಸೂರ್ಯಕಾಂತಿ ಎಲ್ಲ ದಾಯಾದಿಗಳೇ. ನಾವು ಒಂದು ಹೂ ಎನ್ನುವುದು ನಿಜವಾಗಿ ಒಂದು ದೊಡ್ಡ ಅವಿಭಕ್ತ ಕುಟುಂಬ. ನಡುವಿನ ಗುಂಡಿನಲ್ಲಿ ಒತ್ತೊತ್ತಾಗಿ ಕುಳಿತ ನೂರಾರು ಪುಟ್ಟ ಹೂಗಳು, ಸುತ್ತ ಸಿಂಗಾರಕ್ಕೆ ಎಸಳಿನ ಹೂಗಳು. ನಮ್ಮ ಹೊಲದ ಕುಸುಬೆಯೂ, ಚಟ್ನಿಪುಡಿಯ ಗುರೆಳ್ಳೂ ಇದೇ ಬಳಗ. ಗುರೆಳ್ಳಿನ ಹೊಲ ಹಳದಿಯಾಗಿ ಅರಳಿದ್ದನ್ನು ಕಂಡವರು ಡೇಜಿಗಾಗಿ ಪಾಕೀಟು ಕೊಳ್ಳಬೇಕಾಗಿಲ್ಲ. ಈ ಮಾತನ್ನು ಮೊಮ್ಮಗಳಿಗೆ ಹೇಳಿದರೆ, "ಚಟ್ನಿ ಹೂವಾ?" ಎಂದು ಮೂಗು ಮುರಿದಳು.

ಗಲಾಟೆ ಎಂಬ ಹೆಸರು ಕೇಳಿ ದಕ್ಷಿಣದ ಕಡೆಯವರು ನಗುತ್ತಾರೆ. ಇದರ ಶಾಸ್ತ್ರೀಯ ಹೆಸರು ಗೆಲಾರ್ಡಿಯಾ. ಫ್ರಾನ್ಸಿನಲ್ಲಿ ಗಯಾರ್ ಎಂಬ ಒಬ್ಬ ನ್ಯಾಯಾಧೀಶರಿದ್ದರಂತೆ, ಸಸ್ಯಶಾಸ್ತ್ರಜ್ಞರಿಗೆ ಆಶ್ರಯ ಕೊಟ್ಟವರು. ಅವರ ಗೌರವಕ್ಕೆ ಇಟ್ಟ ಹೆಸರದು. ನಮ್ಮವರ ಬಾಯಲ್ಲಿ ನ್ಯಾಯಾಧೀಶರೇ ಗಲಾಟೆ ಆಗಿಬಿಟ್ಟರು! ಗಿಡದ ತವರು ಅಮೆರಿಕ. ಆದರೇನು, ನನ್ನ ತವರು ಸವಣೂರಿನಲ್ಲಿ ಮಠದ ಆವರಣದ ದೊಡ್ಡ ಹುಣಸೆ ಮರಗಳು ಆಫ್ರಿಕದ ಸಂತತಿ. ಅವು ಸವಣೂರಿನವಲ್ಲ ಎಂದು ಯಾರಾದರೂ ಹೇಳಲಿ ನೋಡೋಣ.

ಗಲಾಟೆ ಹೂ ನಮ್ಮ ಮನೆಗೆ ಹೇಗೆ ಬಂತೋ ತಿಳಿಯದು. ಅದು ಉಳಿದ ಬಗೆ ಮಾತ್ರ ಗೊತ್ತು. 1978ರಲ್ಲಿ ಅಪ್ಪ ತೀರಿಕೊಂಡಾಗ ಅವ್ವನಿಗೆ ಮೂವತ್ತೆಂಟು. ದಿನಕರ್ಮ ಮುಗಿದ ಮೇಲೆ ಹಿರಿಯರೊಬ್ಬರು ಹಿತ್ತಲ ಬಾಗಿಲಲ್ಲಿ ನಿಂತು, "ಇನ್ನ ಈ ಮಲ್ಲಿಗಿ ಬಳ್ಳಿ ಯಾರಿಗೆ ಬೇಕವ್ವಾ?" ಎಂದರು. ಅವ್ವ ಮರುಮಾತಾಡದೆ ಬಳ್ಳಿ ಕೀಳಿಸಿದಳು. ಸೇವಂತಿಗೆಯೂ ಹೋಯಿತು. ಗಲಾಟೆಯ ಸರದಿ ಬಂದಾಗ ಮಾತ್ರ, "ಅದು ಮುಡಿಯೋ ಹೂ ಅಲ್ಲ, ದೇವರ ಹಾರದ ಹೂ. ಇರಲಿ" ಎಂದಳು. ಆ ಒಂದು ಮಾತಿನ ಮೇಲೆ ಹಿತ್ತಲು ಉಳಿಯಿತು. ಮುಂದಿನ ವರ್ಷದಿಂದ ಹಾರ ಕಟ್ಟುವವರಿಗೆ ತೂಕದ ಮೇಲೆ ಕೊಡತೊಡಗಿದಳು. ನನ್ನ, ತಂಗಿಯ ಪಾಟಿ ಪುಸ್ತಕ ಅದರಲ್ಲಿ ಬಂದವು.

ಬೀಜವನ್ನು ಅವ್ವ ಇಡುತ್ತಿದ್ದುದು ತನ್ನ ಕುಂಕುಮದ ಭರಣಿಯಲ್ಲಿ. ಹಿತ್ತಾಳೆಯದು, ತಿರುಪಿನ ಮುಚ್ಚಳ. ಹೂ ಗಿಡದಲ್ಲೇ ಒಣಗಿ ಗುಂಡು ಬೂದು ಬಣ್ಣಕ್ಕೆ ತಿರುಗಿದ ಮೇಲೆ ಬಿಡಿಸಿ, ನೆರಳಿಗೆ ಆರಿಸಿ, ಚಿಟಿಕೆ ಬೂದಿ ಬೆರೆಸಿ ತುಂಬುವಳು. ಎಷ್ಟು ಉಜ್ಜಿದರೂ ತಳದಲ್ಲಿ ಒಂದಿಷ್ಟು ಕೆಂಪು ಉಳಿದೇ ಇರುತ್ತಿತ್ತು.

ಇನ್ನೊಂದು ಸಂಗತಿಯನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಾನಾಗ ಒಂಬತ್ತನೇ ಇಯತ್ತೆ. ನಸುಕಿನಲ್ಲಿ ಎದ್ದು ಹಿತ್ತಲಿಗೆ ಹೋದರೆ ಅವ್ವ ಹೂ ಬಿಡಿಸುತ್ತಿದ್ದಳು. ಒಂದನ್ನು ತೆಗೆದು ತುರುಬಿಗೆ ಸಿಗಿಸಿಕೊಂಡಳು. ಬಗ್ಗಿ ಮತ್ತೆ ನಾಲ್ಕು ಹೂ ಬಿಡಿಸಿದಳು. ಪಕ್ಕದ ಮನೆಯ ಬಾವಿಯ ಗಡಗಡಿ ಸಪ್ಪಳವಾದದ್ದೇ ತಡ, ಕಿತ್ತು ಬುಟ್ಟಿಗೆ ಹಾಕಿದಳು. ನಾನು ಕಾಲ ಸಪ್ಪಳ ಮಾಡದೆ ಒಳಗೆ ಬಂದು ಮಲಗಿದೆ.

1989ರಲ್ಲಿ ಮದುವೆಯಾಗಿ ಹಾನಗಲ್ಲಿಗೆ ಬರುವಾಗ ಅವ್ವ ಕಾಗದದ ಪೊಟ್ಟಣದಲ್ಲಿ ಬೀಜ ಕೊಟ್ಟಳು. ಕ್ರಮವನ್ನೂ ಹೇಳಿಕೊಟ್ಟಳು: ಘಟ್ಟ ಹಾಕಿದ ದಿನ ಬೀಜ, ದೀಪಾವಳಿಗೆ ನಾಟಿ, ಸಂಕ್ರಾಂತಿಗೆ ಹೂ. ಉಸುಕು, ಸಾಣಿಸಿದ ಹಳೇ ತಿಪ್ಪೆ ಗೊಬ್ಬರ ಬೆರೆಸಿ, ಬೀಜ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಬೇಕು, ಹೂಳಬಾರದು. ನೀರು ಚಿಮುಕಿಸಬೇಕು, ಸುರಿಯಬಾರದು. ಸಸಿಗೆ ನಾಲ್ಕೈದು ಎಲೆ ಬಂದ ಮೇಲೆ ಗೇಣುದ್ದಕ್ಕೊಂದು ಹಚ್ಚಬೇಕು. ಆಮೇಲೆ ಇದಕ್ಕೆ ಮುದ್ದು ಹೆಚ್ಚಾದರೆ ಎಲೆಯೇ ಎಲೆ. ಬಾಡಿದ ಹೂ ಚಿವುಟುತ್ತಿದ್ದರೆ ಯುಗಾದಿ ದಾಟಿ ಬಿಸಿಲಿಗೂ ಅಂಜದೆ ಬಿಡುತ್ತದೆ.

ಸವಣೂರಿನ ಮಳೆಗೆ ಹೊಂದಿದ್ದ ಕ್ರಮ ಹಾನಗಲ್ಲಿಗೆ ಹೊಂದಲಿಲ್ಲ. ಇದು ಮಲೆನಾಡಿನ ಸೆರಗು, ಭತ್ತದ ಸೀಮೆ. ಎರಡು ವರ್ಷ ಸಸಿ ಕೊಳೆತು, ಮೂರನೆಯ ವರ್ಷ ಏರುಮಡಿ ಮಾಡಿ ಬುಟ್ಟಿ ಮುಚ್ಚುವುದು ಕಲಿತೆ. ಶಿಗ್ಗಾಂವಿಯ ತಂಗಿಯ ಮನೆಯದು ಗರಸು ನೆಲ. ಅಲ್ಲಿ ಕೇಳಬೇಡಿ, ಬಾಗಿಲ ತನಕ ಹೂ. ಅವಳಲ್ಲಿ ಬರುಬರುತ್ತ ಬರೀ ಹಳದಿ, ನನ್ನಲ್ಲಿ ಕೆಂಪಿಗೆ ಹಳದಿ ಅಂಚು. ಜೇನುಹುಳ ಎಲ್ಲಿಂದೆಲ್ಲಿಗೋ ಪರಾಗ ಒಯ್ಯುತ್ತದೆ, ಈ ವರ್ಷದ ಬಣ್ಣ ಬರುವ ವರ್ಷ ಬರುವ ಖಾತ್ರಿಯಿಲ್ಲ.

ಹಿರೇಕೆರೂರಿನಲ್ಲಿ ಮಗಳ ಮನೆಯ ಹತ್ತಿರ ಬೀಜೋತ್ಪಾದನೆಯ ಪ್ಲಾಟುಗಳಿವೆ. ಅಲ್ಲಿ ಖಾತ್ರಿಗೇ ಬೆಲೆ. ಹೆಣ್ಣುಮಕ್ಕಳು ಸಂಜೆ ಒಂದೊಂದೇ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುತ್ತಾರೆ. ನಾವು ತರುವ ಹೈಬ್ರಿಡ್ ತರಕಾರಿ ಬೀಜದ ಹಿಂದೆ ಇಂಥ ಬೆರಳುಗಳಿವೆ. ಆ ಬೀಜವನ್ನು ಎತ್ತಿಟ್ಟು ಮತ್ತೆ ಬಿತ್ತಿದರೆ ಮೊದಲಿನ ಬೆಳೆ ಬಾರದು. ಪ್ರತಿವರ್ಷ ಅಂಗಡಿಗೇ ಹೋಗಬೇಕು.

ಅವ್ವ 2009ರಲ್ಲಿ ಹೋದಳು. ಭರಣಿ ನನ್ನ ಪಾಲಿಗೆ ಬಂತು. ತಂಗಿ ಶಿಗ್ಗಾಂವಿಯ ಮನೆ ಮಾರಿ ಮಗನ ಫ್ಲ್ಯಾಟಿಗೆ ಹೋದ ಮೇಲೆ ಅಲ್ಲಿಯ ಬೀಜ ಮುಗಿಯಿತು.

2022ರ ಶ್ರಾವಣದಲ್ಲಿ ನಮ್ಮ ಯಜಮಾನರು ತೀರಿಕೊಂಡರು. ನವರಾತ್ರಿ ಬಂತು. ವರ್ಷದೊಳಗೆ ಹಬ್ಬವಿಲ್ಲ, ಘಟ್ಟ ಹಾಕಲಿಲ್ಲ. ಭರಣಿ ಕೈಯಲ್ಲಿ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಈ ವರ್ಷ ಹೂ ಯಾಕ್ರೀ ಅಕ್ಕಾರ?" ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನಾನು ಬಲ್ಲೆ. ಆದರೆ ಈ ಬೀಜ ಬಹಳ ದಿನ ತಾಳುವುದಿಲ್ಲ. ಒಂದೆರಡು ವರ್ಷ ಬಿಟ್ಟರೆ ಹುಟ್ಟುವುದು ಅನುಮಾನ. ದೇವರ ಹಾರಕ್ಕೆ ಎಂದು ಹೇಳಬಹುದಿತ್ತು. ಅವ್ವನ ಮಾತು ಬಾಯಿಯ ತುದಿಗೇ ಬಂದಿತ್ತು. ಹೇಳಲಿಲ್ಲ. "ನನಗ ಬೇಕವಾ" ಎಂದು ಎದ್ದು ಮಡಿ ಕೆದರಿದೆ.

ಆ ಸಂಕ್ರಾಂತಿಗೆ ಹೂ ಬಂದವು, ಆ ವರ್ಷ ಯಾಕೋ ಕೆಂಪೇ ಜಾಸ್ತಿ. ನಸುಕಿನಲ್ಲಿ ಬಿಡಿಸುವಾಗ ಒಂದನ್ನು ಮುಡಿದೆ. ಮುಡಿದು ಒಳಗೆ ಬಂದೆ, ಚಹ ಕುಡಿದೆ, ಹಾಲಿನವನ ಲೆಕ್ಕ ಮಾಡಿದೆ. ಪಕ್ಕದಾಕೆ ನೋಡಿದಳು. ಏನೂ ಅನ್ನಲಿಲ್ಲ. ಮಾರನೆಯ ವರ್ಷ ನವರಾತ್ರಿಯ ಮುಂಚೆ ಅವಳೇ ಗೋಡೆಯ ಹತ್ತಿರ ಬಂದು, "ನನಗೂ ಒಂದೀಟು ಬೀಜ ಕೊಡ್ರಿ" ಎಂದಳು. ಮುಚ್ಚಳ ತಿರುವುತ್ತ, "ಡಬ್ಬಿ ತಗೊಂಬಾ" ಎಂದೆ.