ಬೆಳಕಿನ ಜಮಾಖರ್ಚು

ಸರಕಾರಿ ಕಚೇರಿಯ ಗುಮಾಸ್ತರಿಗೂ ಆಕಾಶದ ನಕ್ಷತ್ರಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೂಡಿಸುವುದೇ ಸಂಬಂಧ. ಹಗಲೆಲ್ಲ ಅಂಕಿಗಳನ್ನು ಕೂಡಿಸುವ ನಾವು ಎರಡು ಚಳಿಗಾಲಗಳಿಂದ ರಾತ್ರಿಯ ಹೊತ್ತು ಬೆಳಕನ್ನು ಕೂಡಿಸುತ್ತಿದ್ದೇವೆ.

ಈ ಹುಚ್ಚು ಹತ್ತಲು ಕಾರಣ ನಮ್ಮ ತಂದೆಯವರು. ವಿಜಾಪುರದ ಕಡೆಯ ಹೊಲಮನೆ ಬಿಟ್ಟು ಪುಣೆಯಲ್ಲಿ ನಮ್ಮೊಡನೆ ಇರಲು ಬಂದ ಮೊದಲ ವಾರವೇ ಅವರು ಮಾಳಿಗೆಯ ಮೇಲೆ ನಿಂತು, "ನಿಮ್ಮೂರಾಗ ಚಿಕ್ಕೀನೂ ಮೂಡೂದಿಲ್ಲೇನೋ?" ಎಂದು ಕೇಳಿದರು. ಕೃತ್ತಿಕೆಯನ್ನು ನೋಡಿ ರಾತ್ರಿಯ ಹೊತ್ತು ಹೇಳುತ್ತಿದ್ದವರಿಗೆ ಇಲ್ಲಿ ದೀಪಗಳ ಮಬ್ಬಿನಲ್ಲಿ ಕಂಡದ್ದು ನಾಲ್ಕೈದು ಚುಕ್ಕೆಗಳು ಮಾತ್ರ. ಊರಿಗೆ ಹೊರಡುತ್ತೇನೆಂಬ ಮಾತು ಅಂದೇ ಶುರುವಾಯಿತು.

ಕಣ್ಣಿಗೆ ಸಾಧ್ಯವಾಗದ್ದು ಕ್ಯಾಮರಾಕ್ಕೆ ಸಾಧ್ಯ. ಕಣ್ಣು ಬೆಳಕನ್ನು ಕೂಡಿಡಲಾರದು, ಕ್ಯಾಮರಾ ಕೂಡಿಡಬಲ್ಲದು. ಆದರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸರಿಯುತ್ತವೆ; ಬಹಳ ಹೊತ್ತು ತೆರೆದಿಟ್ಟರೆ ಚುಕ್ಕೆ ಗೆರೆಯಾಗುತ್ತದೆ. ಆದ್ದರಿಂದ ನಾವು 5 ಸೆಕೆಂಡಿಗೆ ಒಂದರಂತೆ 200 ಚಿತ್ರ ತೆಗೆಯುತ್ತೇವೆ. ಒಂದೊಂದೂ ಬರಿಯ ಹಳದಿ ಮಬ್ಬು. ಕಂಪ್ಯೂಟರು ಅವನ್ನು ಒಂದರ ಮೇಲೊಂದು ಹೊಂದಿಸಿ ಕೂಡಿಸಿದರೆ ಸುಮಾರು 17 ನಿಮಿಷದ ಬೆಳಕು ಜಮೆಯಾಗುತ್ತದೆ. ನಕ್ಷತ್ರದ ಬೆಳಕು ಪ್ರತಿಸಲವೂ ಅದೇ ಜಾಗಕ್ಕೆ ಬಿದ್ದು ಬೆಳೆಯುತ್ತದೆ. ಎಲ್ಲೆಂದರಲ್ಲಿ ಬೀಳುವ ಕಲೆಗಳು ಅದರ ಮುಂದೆ ಸಣ್ಣವಾಗುತ್ತವೆ. ನಗರದ ಮಬ್ಬನ್ನು ಖರ್ಚು ಹಾಕಿ ಕಳೆದರಾಯಿತು. ಚಿತ್ರಗಳು ನಾಲ್ಕು ಪಟ್ಟಾದರೆ ಸ್ಪಷ್ಟತೆ ಎರಡು ಪಟ್ಟು ಮಾತ್ರ. ನಮ್ಮ ಸಂಬಳದ ಬಡ್ತಿಯಂತೆ ನಿಧಾನ!

ಇದು ಪಂಡಿತರದೇ ಕೆಲಸವೆಂದು ಹೆದರಬೇಕಾಗಿಲ್ಲ. ಮಹಾವ್ಯಾಧನ ನೀಹಾರಿಕೆಯ ಮೊಟ್ಟಮೊದಲ ಛಾಯಾಚಿತ್ರವನ್ನು 1880ರ ಸೆಪ್ಟೆಂಬರ್ 30ರಂದು ತೆಗೆದ ಅಮೆರಿಕದ ಹೆನ್ರಿ ಡ್ರೇಪರ್ ವೈದ್ಯಶಾಸ್ತ್ರ ಓದಿದವರು. 1883ರಲ್ಲಿ ಅದೇ ನೀಹಾರಿಕೆಯಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳನ್ನೂ ಚಿತ್ರಕ್ಕಿಳಿಸಿದ ಇಂಗ್ಲೆಂಡಿನ ಆಂಡ್ರೂ ಕಾಮನ್ ವೃತ್ತಿಯಿಂದ ಇಂಜಿನಿಯರು.

ನಮ್ಮ ಚಿತ್ರದಲ್ಲಿಯೂ ಆ ನೀಹಾರಿಕೆ ನಸುಗೆಂಪು ಹೊಗೆಯಂತೆ ಮೂಡಿತು. ಅದರ ಬೆಳಕು ಹೊರಟು ಸುಮಾರು 1300 ವರ್ಷಗಳಾದವು. ಆಗ ನಮ್ಮ ನಾಡನ್ನು ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು. ಮಕ್ಕಳು ಇದಕ್ಕೆ ಬೆರಗಾದರು. ತಂದೆಯವರು ಮಾತ್ರ ಕೃತ್ತಿಕೆಯ ಚಿತ್ರವನ್ನು ಬಿಡದೆ ನೋಡಿ, "ಇವು ಅವಾ ಅದಾವ" ಎಂದರು. ಆಮೇಲೆ ಮೊಮ್ಮಕ್ಕಳನ್ನು ಮಾಳಿಗೆಗೆ ಕರೆದುಕೊಂಡು ಹೋಗಿ, ಅದು ಎಲ್ಲಿದೆಯೆಂದು ಖಾಲಿ ಆಕಾಶಕ್ಕೆ ಬೆರಳು ಮಾಡಿ ತೋರಿಸಿದರು.

ಊರಿನ ಹಂಬಲ ಹೋಯಿತೆಂದಲ್ಲ. ಮುಂಗಾರಿಗೆ ಹೊರಟೇಬಿಡುತ್ತಾರೆ, ಆದರೆ ದೀಪಾವಳಿ ಕಳೆದೊಡನೆ ಚಿತ್ರ ತೆಗೆಯುವ ಕಾಲವೆಂದು ಹಿಂದಿರುಗುತ್ತಾರೆ.

ವಾಚಕರೂ ಒಮ್ಮೆ ಪ್ರಯತ್ನಿಸಿ ನೋಡಬಹುದು. ಜನವರಿಯ ರಾತ್ರಿ ಒಂಬತ್ತು ಗಂಟೆಗೆ ಒಂದೇ ಸಾಲಿನ ಮೂರು ನಕ್ಷತ್ರಗಳನ್ನು ಹುಡುಕಿರಿ. ನೀಹಾರಿಕೆ ಅವುಗಳ ಕೆಳಗೇ ಇದೆ. ಒಂದು ಭದ್ರವಾದ ಸ್ಟ್ಯಾಂಡು, ಒಂದು ಕ್ಯಾಮರಾ, ಕಂಬಳಿ ಹೊದ್ದ ಒಬ್ಬ ಹಿರಿಯರು ಜೊತೆಗಿದ್ದರೆ ಸಾಕು.